ನಾಲ್ಕನೇ ಪಂಜರದ ಬಾಣಂತಿ

ಆ ಸಂಶೋಧನಾಲಯಕ್ಕೆ ಮೂರು ಅಂತಸ್ತು. ಮೇಲೆ ಪ್ರೊಫೆಸರುಗಳು, ಡಾಕ್ಟರುಗಳು, ಡಾಕ್ಟರಾಗಲು ವರ್ಷಗಟ್ಟಲೆ ಕಾದು ಕೂತವರು ಬೇಕಾದಷ್ಟು ಜನ ಇದ್ದರು. ಅಲ್ಲಿ ಅವರು ಎಷ್ಟೇ ಜಂಭ ಕೊಚ್ಚಿಕೊಳ್ಳಲಿ, ನೆಲಮಾಳಿಗೆಯ ಇಲಿಮನೆಗೆ ಇಳಿದರೆಂದರೆ ಬೂಟು ಬಿಚ್ಚಿ, ತಲೆಗೆ ಕಾಗದದ ಟೋಪಿ ಏರಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಇಲಿಮಾವ "ಹ್ಞೂಂ, ಬನ್ನಿ" ಅನ್ನುವವರೆಗೆ ಬಾಗಿಲಲ್ಲೇ ನಿಲ್ಲಬೇಕಿತ್ತು.

ಇಲಿಮಾವನಿಗೂ ಹೆತ್ತವರು ಇಟ್ಟ ಹೆಸರೊಂದು ಇದ್ದಿರಲೇಬೇಕು. ಆದರೆ ಇಪ್ಪತ್ತೊಂಬತ್ತು ವರ್ಷ ಇಲಿ ಸಾಕಿದ ಮೇಲೆ ಅದು ಯಾರಿಗೂ ನೆನಪಿರಲಿಲ್ಲ, ಅವನಿಗೂ ಅದರ ಅಗತ್ಯ ಬಿದ್ದಿರಲಿಲ್ಲ. ಬೆಳಿಗ್ಗೆ ಆರಕ್ಕೆ ಬಂದು ಹೆಣ್ಣಿಲಿಗಳ ಬಾಲವೆತ್ತಿ ಒಂದೇ ನೋಟದಲ್ಲಿ "ಇವಳು ಕೂಡಿದ್ದಾಳೆ, ಇವಳು ಮುನಿಸಿಕೊಂಡಿದ್ದಾಳೆ" ಎಂದು ಹೇಳಿಬಿಡುತ್ತಿದ್ದ. ಹತ್ತೊಂಬತ್ತು ದಿನ ಕಳೆದರೆ ಬಸುರಿಗಳ ಕೋಣೆಯಲ್ಲಿ ಯಾರೂ ಜೋರಾಗಿ ಸೀನುವಂತಿರಲಿಲ್ಲ. ಹೆತ್ತವಳನ್ನು ಬಾಣಂತಿ ಎಂದೇ ಕರೆಯಬೇಕು. "ಆ ಹೆಣ್ಣಿಲಿ" ಎಂದವರಿಗೆ ಎರಡು ದಿನ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಯಾವುದಾದರೂ ತಾಯಿ ಸತ್ತರೆ, ಅವಳ ಮರಿಗಳಿಗೆ ಇನ್ನೊಬ್ಬಳ ಗೂಡಿನ ಹೊಟ್ಟು ಸವರಿ, ವಾಸನೆ ಬದಲಿಸಿ, ಆ ಇನ್ನೊಬ್ಬಳ ಮಡಿಲಿಗೆ ಹಾಕುವ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. "ನನ್ನ ಮನೇಲಿ ಖಾಲಿ ಪಂಜರ ಅನ್ನೋದೇ ಇಲ್ಲ" ಎನ್ನುವುದು ಅವನ ದಿನನಿತ್ಯದ ಮಾತು. ಮರಿ ಹುಟ್ಟಿಸುವುದರಲ್ಲಿ ಇಲಿಗಳಿಗೂ ಒಂದಿಷ್ಟು ಪಾಲಿದೆ ಎನ್ನುವುದನ್ನು ಅವನು ಒಪ್ಪುತ್ತಿದ್ದನಾದರೂ ಬಹಳ ಕಷ್ಟಪಟ್ಟು ಒಪ್ಪುತ್ತಿದ್ದ.

ಇಂಥವನ ಮನೆಯೊಳಗೆ ಮೊಟ್ಟೆ ಮೇಡಂ ಮರಿಯೇ ಹಾಕದ ಇಲಿಗಳ ಆರು ಖಾಲಿ ಪಂಜರ ತಂದಿಟ್ಟಳು.

ಮೊಟ್ಟೆ ಮೇಡಂ ಎಂದರೆ ಎರಡನೇ ಅಂತಸ್ತಿನ ಸಂಶೋಧಕಿ. ಇಲಿಯ ಅಂಡಾಣುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿಯೇ ಐದು ವರ್ಷ ಕಳೆದಿದ್ದಳು, ಕನ್ನಡಕದ ನಂಬರು ಎರಡು ಸಲ ಏರಿತ್ತು. ಇನ್ನೂ ಡಾಕ್ಟರಾಗಿರಲಿಲ್ಲ. ಪ್ರೊಫೆಸರ ಎದುರು ಇಲಿಮಾವ ಅವಳನ್ನು "ಮೇಡಂ" ಎನ್ನುತ್ತಿದ್ದ, ಉಳಿದ ಹೊತ್ತಲ್ಲಿ "ಅಮ್ಮಾ, ನೀನು ಊಟ ಮಾಡಿದ್ಯಾ" ಎಂದು ಗದರಿಸುತ್ತಿದ್ದ. ಅವಳಿಗೂ ಅವನು ಮಾವನೇ.

"ಇವು ಯಾಕೆ ಬಸುರಾಗಲ್ಲ?" ಎಂದು ಅವನು ಮೊದಲ ದಿನವೇ ಕೇಳಿದ. ಆರೂ ಕಪ್ಪು ಹೆಣ್ಣಿಲಿಗಳು, ಕೂದಲು ಮಿರಿಮಿರಿ ಮಿಂಚುತ್ತಿತ್ತು, ಕಣ್ಣು ಚುರುಕಾಗಿದ್ದವು. ಇಂಥ ಆರೋಗ್ಯವಂತರು ಹೆರುವುದಿಲ್ಲ ಎಂದರೆ ಅವನಿಗೆ ಅದು ತನ್ನನ್ನೇ ಬೈದ ಹಾಗಿತ್ತು.

"ಮಾವ, ಜೀವಕೋಶಕ್ಕೆ ಸುತ್ತ ಒಂದು ಪೊರೆ ಇರುತ್ತೆ. ಆ ಪೊರೇನ ನಾಲ್ಕು ಸಲ ತೂರಿಕೊಂಡು ನಿಂತಿರೋ ಪ್ರೋಟೀನುಗಳಿವೆ. ಟೆಟ್ರಾಸ್ಪ್ಯಾನಿನ್ ಅಂತಾರೆ."

"ನಮ್ಮನೆಯವಳು ಅಂಗಿಗೆ ಗುಂಡಿ ಹೊಲೀತಾಳಲ್ಲ, ನಾಲ್ಕು ತೂತಿಂದು. ಹಾಗೆ."

"ಹಾಗೇ ಅಂತ ಇಟ್ಕೊಳ್ಳಿ."

"ಅದರ ಕೆಲಸ ಏನು?"

"ತಾನಾಗಿ ಹೆಚ್ಚು ಏನೂ ಮಾಡಲ್ಲ."

"ಅಂಥವರು ನಮ್ಮ ಮೂರನೇ ಅಂತಸ್ತಲ್ಲೂ ಇದ್ದಾರೆ."

"ಅಯ್ಯೋ ಅದಲ್ಲ ಮಾವ! ತಾನು ಸುಮ್ಮನಿದ್ದು, ಕೆಲಸ ಮಾಡೋ ಬೇರೆ ಪ್ರೋಟೀನುಗಳನ್ನೆಲ್ಲ ಕೈ ಹಿಡಿದು ಒಂದು ಕಡೆ ಕೂರಿಸುತ್ತೆ. ಅದಿಲ್ಲದಿದ್ರೆ ಯಾರು ಎಲ್ಲಿರಬೇಕೋ ಅಲ್ಲಿರಲ್ಲ, ಯಾವ ಕೆಲಸಾನೂ ಆಗಲ್ಲ. ನಮ್ಮ ಮೈಯಲ್ಲಿ ಇದರ ಮನೆತನದವರು ಮೂವತ್ತಮೂರು ಜನ ಇದ್ದಾರೆ. ಒಬ್ಬ ಕ್ಯಾನ್ಸರ್ ಕೋಶಗಳು ಊರು ಸುತ್ತದಂತೆ ತಡೀತಾನೆ. ಇನ್ನೊಬ್ಬ ಕೆಟ್ಟರೆ ಮೂತ್ರಪಿಂಡ ಸೋರುತ್ತೆ, ಚರ್ಮ ಬೊಬ್ಬೆ ಏಳುತ್ತೆ. ಮತ್ತೊಬ್ಬ ಇದ್ದಾನೆ, ಪಿತ್ತಜನಕಾಂಗಕ್ಕೆ ಬರೋ ವೈರಸ್ ಇವನ ಕೈ ಹಿಡ್ಕೊಂಡೇ ಒಳಗೆ ನುಗ್ಗುತ್ತೆ."

"ಮೂವತ್ತಮೂರು ಜನ ಅಣ್ಣತಮ್ಮಂದಿರಿದ್ದ ಮೇಲೆ ಒಬ್ಬನಾದ್ರೂ ಮನೆಹಾಳ ಇರ್ತಾನೆ ಬಿಡು" ಎಂದು ಇಲಿಮಾವ ಸಮಾಧಾನ ಹೇಳಿದ. "ಇವರ ಕಥೆ ಏನು?"

"ಇವರ ಮೊಟ್ಟೆಯ ಪೊರೆ ಮೇಲೆ ಇರಬೇಕಾದವನು ಸಿಡಿ-ಒಂಬತ್ತು. ಅವನ ಜೀನನ್ನೇ ಮುರಿದಿದ್ದೀವಿ. ಜೀನಿಗೆ ಎರಡು ಪ್ರತಿ ಇರುತ್ತೆ, ಇವರಲ್ಲಿ ಎರಡೂ ಹಾಳು. ಗಂಡಿನ ವೀರ್ಯಾಣು ಬರುತ್ತೆ, ಮೊಟ್ಟೆಗೆ ಅಂಟಿಕೊಳ್ಳುತ್ತೆ, ಅಲ್ಲೇ ನಿಂತುಬಿಡುತ್ತೆ. ಒಂದರೊಳಗೊಂದು ಬೆರೆಯೋಕೆ ಆಗಲ್ಲ."

"ನೆಂಟರು ಬಂದು ಹೊಸ್ತಿಲಲ್ಲೇ ನಿಂತ ಹಾಗಾಯ್ತು. 'ಬನ್ನಿ ಒಳಗೆ' ಅನ್ನೋರು ಮನೇಲಿಲ್ಲ."

ಮೊಟ್ಟೆ ಮೇಡಂ ನಕ್ಕಳು. ಅವಳ ಐದು ವರ್ಷದ ದುಡಿಮೆ ಎಂದರೆ ಆ 'ಬನ್ನಿ ಒಳಗೆ' ಎನ್ನುವವನನ್ನು ಹೊರಗಿನಿಂದ ಕಳಿಸುವುದು. ಆ ಪ್ರೋಟೀನನ್ನು ಹೊತ್ತ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಅವಳು ಔಷಧವಾಗಿ ಮಾಡಿದ್ದಳು. ಆರರಲ್ಲಿ ಮೂರು ಇಲಿಗಳಿಗೆ ಆ ಔಷಧ, ಮೂರಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬ ಪಟ್ಟಿ ಪ್ರೊಫೆಸರ ಬೀರುವಿನಲ್ಲಿ, ಅಂಟು ಹಚ್ಚಿದ ಲಕೋಟೆಯೊಳಗೆ ಇತ್ತು. ಸೂಜಿ ಚುಚ್ಚಿದ ಅವಳಿಗೂ ಗೊತ್ತಿರಲಿಲ್ಲ.

"ನಿನಗೂ ಹೇಳದಿದ್ರೆ ಹೇಗೆ?" ಎಂದು ಮಾವ ರೇಗಿದ.

"ಯಾರೂ ಪಕ್ಷಪಾತ ಮಾಡಬಾರದು ಮಾವ, ಅದಕ್ಕೇ. ಆರೂ ಪಂಜರಾನ ಒಂದೇ ಥರ ನೋಡಬೇಕು. ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಆಗಬಾರದು."

ಇದು ಇಲಿಮಾವನಿಗೆ ತುಂಬ ಹಿಡಿಸಿತು. ವಿಜ್ಞಾನದ ಇಷ್ಟು ಮಾತುಗಳಲ್ಲಿ ಅವನಿಗೆ ಪೂರ್ತಿ ಅರ್ಥವಾದದ್ದು ಇದೊಂದೇ, ಆಮೇಲೆ ನಡೆದ ಎಡವಟ್ಟಿಗೆಲ್ಲ ಮೂಲವಾದದ್ದೂ ಇದೇ.

ಗಂಡಿಲಿಗಳು ಬಂದವು, ಹೋದವು. ಇಲಿಮಾವ ಬಾಲವೆತ್ತಿ ನೋಡಿ ಆರೂ ಕೂಡಿವೆ ಎಂದು ದಾಖಲಿಸಿದ. ದಿನಗಳು ಕಳೆದವು. ಹತ್ತನೇ ದಿನ ಯಾರ ಹೊಟ್ಟೆಯೂ ಉಬ್ಬಲಿಲ್ಲ, ಹದಿನೈದನೇ ದಿನವೂ ಉಬ್ಬಲಿಲ್ಲ. ಹತ್ತೊಂಬತ್ತನೇ ದಿನ ಸಂಜೆ ಮೊಟ್ಟೆ ಮೇಡಂ ಕೆಳಗೆ ಬಂದು, ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು, ಆರು ಪಂಜರಗಳನ್ನು ನೋಡುತ್ತಾ ಬಿಕ್ಕಿ ಬಿಕ್ಕಿ ಅತ್ತಳು.

"ಶುಕ್ರವಾರ ಮೂರು ಗಂಟೆಗೆ ಸಮಿತಿ ಕೂರುತ್ತೆ ಮಾವ. ಇದು ನಾಲ್ಕನೇ ಪ್ರಯತ್ನ. ಈ ಸಲಾನೂ ಏನೂ ಇಲ್ಲ ಅಂದ್ರೆ ನನ್ನ ಜಾಗ ತೆಗೀತಾರೆ. ಐದು ವರ್ಷ ನೀರಲ್ಲಿ ಹೋಮ. ಮನೇಲಿ ಅಪ್ಪ ಎಲ್ಲರಿಗೂ ನನ್ನ ಮಗಳು ಡಾಕ್ಟರು ಅಂತ ಹೇಳ್ಕೊಂಡು ಓಡಾಡ್ತಿದ್ದಾರೆ."

ಇಲಿಮಾವ ಅವಳ ಕೈಗೆ ಚಹಾ ಕೊಟ್ಟು ಕಳಿಸಿದ. ಅತ್ತ ಈ ಹುಡುಗಿ, ಇತ್ತ ಖಾಲಿ ಗೂಡು ಕಟ್ಟಿಕೊಂಡು ಕೂತ ಆರು ಹೆಣ್ಣಿಲಿಗಳು. ಪಕ್ಕದ ಕೋಣೆಯಲ್ಲೋ ಅದೇ ಕಪ್ಪು ಜಾತಿಯ ಆರು ಬಾಣಂತಿಯರು, ಒಬ್ಬೊಬ್ಬಳಿಗೆ ಹತ್ತು, ಹನ್ನೊಂದು ಮರಿ, ಮೊಲೆ ಸಾಲದೆ ಒಂದರ ಮೇಲೊಂದು ಬಿದ್ದು ಕಿಚಿಕಿಚಿ ಎನ್ನುತ್ತಿದ್ದವು. ಒಬ್ಬರ ಮನೆಯಲ್ಲಿ ಉಂಡು ಮಿಕ್ಕುವಷ್ಟು, ಇನ್ನೊಬ್ಬರ ಮನೆಯಲ್ಲಿ ಒಲೆಯೇ ಹೊತ್ತಿಲ್ಲ. ಇದನ್ನು ನೋಡಿಕೊಂಡು ಸುಮ್ಮನಿರುವವನು ಇಲಿಮಾವನೇ ಅಲ್ಲ.

ಬುಧವಾರ ಬೆಳಿಗ್ಗೆ ಆರಕ್ಕೆ ಬಂದವನೇ ಕೈ ತೊಳೆದು ಕೆಲಸಕ್ಕೆ ನಿಂತ. ಮೊದಲು ಒಂದು ಪಂಜರಕ್ಕೆ ಮಾತ್ರ ಇಡೋಣ ಎಂದುಕೊಂಡಿದ್ದ. ಐದು ಮರಿಗಳನ್ನು ಹೊಟ್ಟಿನಲ್ಲಿ ಹೊರಳಿಸಿ ಒಂದನೇ ಪಂಜರದ ಗೂಡಿಗೆ ಜಾರಿಸಿದ. ಅಷ್ಟರಲ್ಲಿ ಎರಡನೇ ಪಂಜರದವಳು ಕಂಬಿಗೆ ಮೂಗು ಒತ್ತಿ ನೋಡುತ್ತಿರುವುದು ಕಂಡಿತು. ಪಕ್ಷಪಾತ ಮಾಡಬಾರದು ಎಂದು ಹುಡುಗಿ ಹೇಳಿರಲಿಲ್ಲವೇ? ಇವಳೇನು ಪಾಪ ಮಾಡಿದ್ದಳು? ಅವಳಿಗೂ ಐದು ಇಟ್ಟ. ಹಾಗೇ ಮೂರಕ್ಕೆ, ನಾಲ್ಕಕ್ಕೆ, ಐದಕ್ಕೆ, ಆರಕ್ಕೆ. ಯಾರಿಗೂ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಷ್ಟು ನ್ಯಾಯವಾಗಿ ಆ ಕಟ್ಟಡದಲ್ಲಿ ಯಾವುದೂ ಎಂದೂ ಹಂಚಿಕೆಯಾಗಿರಲಿಲ್ಲ ಎಂದು ಅವನಿಗೆ ಹೆಮ್ಮೆಯಾಯಿತು.

ಹೆರದ ತಾಯಂದಿರಿಗೆ ಹಾಲು ಎಲ್ಲಿಂದ ಬರಬೇಕು? ಅದನ್ನೂ ಅವನು ಯೋಚಿಸಿದ್ದ. ಹೊತ್ತು ಹೊತ್ತಿಗೆ ಮರಿಗಳನ್ನು ಕರವಸ್ತ್ರದಲ್ಲಿ ಮುಚ್ಚಿ ಪಕ್ಕದ ಕೋಣೆಗೆ ಒಯ್ಯುವುದು, ಹಾಲು ಕುಡಿಸುವುದು, ಮತ್ತೆ ತಂದಿಡುವುದು. ಶುಕ್ರವಾರದವರೆಗೆ ತಾನೇ? ಸಮಿತಿ ನೋಡಿ ಹೋಗಲಿ, ಹುಡುಗಿ ಡಾಕ್ಟರಾಗಲಿ, ಆಮೇಲೆ ಮರಿಗಳು ಸ್ವಂತ ಮನೆಗೆ ಹೋಗುತ್ತವೆ ಎಂದು ಲೆಕ್ಕ ಹಾಕಿದ್ದ.

ಹತ್ತು ಗಂಟೆಗೆ ಮೊಟ್ಟೆ ಮೇಡಂ ಬಂದಳು, ಕಾಲೆಳೆದುಕೊಂಡು. ಒಂದನೇ ಪಂಜರ ಎಳೆದಳು.

"ಮಾವ!" ಎಂಬ ಕೂಗಿಗೆ ಬಸುರಿಗಳ ಕೋಣೆ ನಡುಗಿತು. ಇಲಿಮಾವ ಬೈಯಲಿಲ್ಲ. "ಮಾವ, ಐದು! ಹೊಟ್ಟೇಲಿ ಹಾಲು ಕಾಣ್ತಿದೆ ನೋಡಿ, ಬೆಳ್ಳಗೆ!"

"ದೇವರು ಕಣ್ಣುಬಿಟ್ಟ ಬಿಡಮ್ಮ" ಎಂದ ಇಲಿಮಾವ, ದೇವರ ಪರವಾಗಿ ಸಂಕೋಚಪಡುತ್ತಾ.

ಅವಳು ಕುಣಿಯುತ್ತಾ ಎರಡನೇ ಪಂಜರ ಎಳೆದಳು. ಐದು. ಅವನ ಕೈ ಹಿಡಿದು ಒಂದು ಸುತ್ತು ತಿರುಗಿಸಿದಳು. ಮೂರನೆಯದು, ಐದು. "ಮೂರಕ್ಕೆ ಮೂರು! ಔಷಧ ಕೊಟ್ಟದ್ದು ಈ ಮೂರಕ್ಕೇ ಇರಬೇಕು ಮಾವ, ಈ ಮೂರಕ್ಕೇ!" ಎನ್ನುತ್ತಾ ಕಣ್ಣೊರೆಸಿಕೊಂಡು, ಖಾಲಿ ಇರಲಿ ಎಂದು ಹಾರೈಸುತ್ತಲೇ ನಾಲ್ಕನೆಯದನ್ನು ಎಳೆದಳು.

ಅವಳ ನಗು ಅಲ್ಲೇ ನಿಂತಿತು. ಎಣಿಸಲೂ ಇಲ್ಲ, ಪಂಜರವನ್ನು ಒಳಗೆ ತಳ್ಳಿದಳು. ಐದನೆಯದನ್ನು ನೋಡಿದಾಗ ಮುಖ ಬಿಳಿಚಿಕೊಂಡಿತು. ಆರನೆಯದನ್ನು ನೋಡಿದವಳು ಅದೇ ಬಕೆಟ್ಟಿನ ಮೇಲೆ ಕುಸಿದು ಕೂತಳು.

ಇಲಿಮಾವ ಬೆಪ್ಪಾಗಿ ನಿಂತ. ಮೂರು ಮನೆ ತುಂಬಿದಾಗ ಕುಣಿದವಳು ಆರು ತುಂಬಿದಾಗ ಯಾಕೆ ಸೊರಗಬೇಕು? "ಆರೂ ಹೆತ್ತಿವೆಯಲ್ಲಮ್ಮಾ?" ಎಂದ, ಮೆಲ್ಲಗೆ.

"ಅದೇ ಮಾವ. ಉಪ್ಪುನೀರು ಕೊಟ್ಟವರೂ ಹೆತ್ತಿದ್ದಾರೆ ಅಂದ್ರೆ ಔಷಧದಿಂದ ಏನೂ ಆಗಿಲ್ಲ ಅಂತ ಅರ್ಥ. ಇಲ್ಲಾಂದ್ರೆ ಇವು ಜೀನು ಮುರಿದ ಇಲಿಗಳೇ ಅಲ್ಲ."

ಹನ್ನೊಂದಕ್ಕೆ ಪ್ರೊಫೆಸರು ಇಳಿದು ಬಂದರು. ಕನ್ನಡಕ ಹಣೆಯ ಮೇಲಿತ್ತು, ಅಂದರೆ ಸಿಟ್ಟು ಬಂದಿದೆ ಎಂದರ್ಥ. ಆರು ಪಂಜರ ನೋಡಿದರು. "ಇಲಿಗಳನ್ನ ಬೆರೆಸಿಬಿಟ್ಟಿದ್ದೀಯ. ಹಾಳಾದವನ್ನ ಎಲ್ಲೋ ಇಟ್ಟು, ಒಳ್ಳೆಯವನ್ನ ಇಲ್ಲಿ ತಂದಿಟ್ಟಿದ್ದೀಯ. ಐದು ವರ್ಷದಲ್ಲಿ ಪಂಜರದ ಚೀಟಿ ಓದೋದನ್ನಾದ್ರೂ ಕಲಿತಿದ್ದೀಯ ಅಂದ್ಕೊಂಡಿದ್ದೆ. ಫಲಿತಾಂಶ ಬರದಿದ್ರೆ ಸಮಿತಿ ಕ್ಷಮಿಸುತ್ತೋ ಏನೋ. ಅಜಾಗ್ರತೆಯನ್ನ ಕ್ಷಮಿಸಲ್ಲ. ಶುಕ್ರವಾರ ನಾನೇ ಬರೆದುಕೊಡ್ತೀನಿ."

ಅವಳು ಪಂಜರದ ಚೀಟಿಗಳ ಕಡೆ ತಿರುಗಿ ನೋಡಿದಳು. ತಾನು ಅಂಥ ತಪ್ಪು ಮಾಡಿರಬಹುದು ಎಂದು ಅವಳೇ ನಂಬತೊಡಗಿದ್ದು ಮುಖದಲ್ಲಿ ಕಾಣುತ್ತಿತ್ತು. ಇಲಿಮಾವ ಒಂದು ಹೆಜ್ಜೆ ಮುಂದೆ ಬಂದ. ಬಾಯಿ ತೆರೆದ. ಗಾಳಿ ಹೊರಗೆ ಬಂತು, ಮಾತು ಬರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಮರ್ಯಾದೆ ಗಂಟಲಲ್ಲಿ ಅಡ್ಡ ಕೂತಿತ್ತು. ಅಷ್ಟರಲ್ಲಿ ಪ್ರೊಫೆಸರು ಮೆಟ್ಟಿಲು ಹತ್ತಿಬಿಟ್ಟರು.

ಆ ದಿನವೆಲ್ಲ ಮರಿ ಹೊರುವುದೇ ಆಯಿತು. ಮಧ್ಯಾಹ್ನ ಒಯ್ದ, ತಂದ. ನಾಲ್ಕಕ್ಕೆ ಒಯ್ದ, ತಂದ. ಮೊಟ್ಟೆ ಮೇಡಂ ಕೈಯಲ್ಲಿ ಪುಸ್ತಕ ಹಿಡಿದು ಪಂಜರದ ಚೀಟಿಗಳನ್ನು ಮತ್ತೆ ಮತ್ತೆ ಓದುತ್ತಾ, ತನ್ನ ತಪ್ಪು ಎಲ್ಲಿ ಎಂದು ಹುಡುಕುತ್ತಾ ಕೋಣೆಯಲ್ಲೇ ಸುತ್ತುತ್ತಿದ್ದಳು. ಅವಳು ಬೆನ್ನು ತಿರುಗಿಸಿದಾಗಲೆಲ್ಲ ಇವನು ಕರವಸ್ತ್ರ ಹಿಡಿದು ಗೋಡೆ ಪಕ್ಕ ಸರಿಯುತ್ತಿದ್ದ. ಹೋಗುವಾಗ ಒಂದು ಸಲ ಅವಳು "ಮಾವ, ಕರವಸ್ತ್ರ ಯಾಕೆ ಕಿಚಿಕಿಚಿ ಅಂತಿದೆ?" ಎಂದು ಕೇಳಿದಳು. "ನನ್ನ ಮೊಣಕಾಲು" ಎಂದ. ಬೇರೆ ದಿನವಾಗಿದ್ದರೆ ಅವಳು ನಂಬುತ್ತಿರಲಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕೋಟಿಗೆ ಅಸ್ತರು ಹಾಕುತ್ತಿದ್ದಳು. ಇವನು ಊಟ ಬಿಟ್ಟ. ಹೆಂಡತಿ ಯಂತ್ರ ನಿಲ್ಲಿಸಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಇವನು ಊಟ ಬಿಟ್ಟದ್ದು ಹಲ್ಲು ಕೀಳಿಸಿದ ದಿನ ಮಾತ್ರ. ಇವನು ಎಲ್ಲವನ್ನೂ ಹೇಳಿದ.

"ಅಂದ್ರೆ," ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತಾ, "ಆ ಹುಡುಗಿಗೆ ಸಹಾಯ ಮಾಡೋಕೆ ಹೋಗಿ ಅವಳ ಕುತ್ತಿಗೆಗೇ ತಂದಿದ್ದೀರ."

"ಒಳ್ಳೇ ಮನಸ್ಸಿಂದ ಮಾಡಿದ್ದು ಕಣೆ."

"ನಿಮ್ಮ ಒಳ್ಳೇ ಮನಸ್ಸು ನಂಗೊತ್ತಿಲ್ವಾ? ನಮ್ಮ ತಂಗಿ ಮದುವೆ ಸೀರೆಗೆ ಬಿದ್ದ ಎಣ್ಣೆ ಕಲೆ ತೆಗೀತೀನಿ ಅಂತ ಸೀರೇನೇ ತೂತು ಮಾಡಿದವರು ನೀವು. ಅವತ್ತಾದ್ರೂ 'ನಾನೇ ಮಾಡಿದ್ದು' ಅಂದಿದ್ರಿ. ಇವತ್ತು ಯಾಕೆ ಬಾಯಿ ಬರಲಿಲ್ಲ?"

"ಇಲಿಮನೆ ಕೀಲಿಕೈ ಕಿತ್ಕೋತಾರೆ."

"ಕಿತ್ಕೊಳ್ಳಲಿ. ಅವಳ ಹೆಸರು ಕೆಡೋದಕ್ಕಿಂತ ನಿಮ್ಮ ಕೀಲಿಕೈ ದೊಡ್ಡದಾ? ಏಳಿ, ಊಟ ಮಾಡಿ. ಹಸಿದ ಹೊಟ್ಟೇಲಿ ತಪ್ಪು ಒಪ್ಪಿಕೊಳ್ಳೋಕೆ ಹೋದ್ರೆ ತಲೆ ಸುತ್ತಿ ಬೀಳ್ತೀರ."

ಗುರುವಾರ ಬೆಳಿಗ್ಗೆ ಅವನು ಒಗೆದ ಅಂಗಿ ತೊಟ್ಟು, ಎರಡನೇ ಅಂತಸ್ತಿಗೆ ಹತ್ತಿ, ಪ್ರೊಫೆಸರ ಮೇಜಿನ ಮುಂದೆ ಕೈಕಟ್ಟಿ ನಿಂತ. ಮೊಟ್ಟೆ ಮೇಡಂ ಆಗಲೇ ಅಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಇವನು ಮೊದಲಿಂದ ಕೊನೆವರೆಗೆ ಒಂದೇ ಉಸಿರಿಗೆ ಹೇಳಿದ. ಹೊಟ್ಟಿನಲ್ಲಿ ಹೊರಳಿಸಿದ್ದು, ಐದೈದರಂತೆ ಹಂಚಿದ್ದು, ಹಾಲಿಗೆ ಒಯ್ದದ್ದು, ಎಲ್ಲ.

ಪ್ರೊಫೆಸರು ಕನ್ನಡಕ ಕೆಳಗಿಳಿಸಿ ಅವನನ್ನು ನೋಡಿದರು. ಆಮೇಲೆ ಅವರು ಮಾಡಿದ ಕೆಲಸಕ್ಕೆ ಇಲಿಮಾವ ಸಿದ್ಧನಾಗಿರಲಿಲ್ಲ. ಅವರು ಎದ್ದು ಬಂದು ಅವನ ಹೆಗಲು ತಟ್ಟಿದರು.

"ನೀವು ದೊಡ್ಡ ಮನುಷ್ಯರು. ಈ ಹುಡುಗೀನ ಉಳಿಸೋಕೆ ನಿಮ್ಮ ತಲೆ ಮೇಲೆ ಹಾಕ್ಕೋತಿದ್ದೀರ. ನನಗೆ ಅರ್ಥ ಆಗುತ್ತೆ."

"ಅಯ್ಯೋ ಇಲ್ಲ ಸಾರ್, ನಾನೇ ಮಾಡಿದ್ದು!"

"ಸಾಧ್ಯಾನೇ ಇಲ್ಲ. ನಿಮ್ಮಂಥ ಶಿಸ್ತಿನ ಮನುಷ್ಯ ಅಂಥ ಕೆಲಸ ಮಾಡಲ್ಲ."

"ನಾನು ಶಿಸ್ತಿನ ಮನುಷ್ಯ ಅಲ್ಲ ಸಾರ್! ನನ್ನ ಹೆಂಡತೀನ ಕೇಳಿ!"

ತಪ್ಪು ಮಾಡದೆ ಸಿಕ್ಕಿಬಿದ್ದವರ ಪಾಡು ಲೋಕಕ್ಕೆಲ್ಲ ಗೊತ್ತು. ತಪ್ಪು ಮಾಡಿಯೂ ಸಿಕ್ಕಿಬೀಳಲಾಗದವನ ಪೀಕಲಾಟ ಇಲಿಮಾವನಿಗೇ ಗೊತ್ತು. ಅವನು ಆಣೆ ಹಾಕಿದಷ್ಟೂ ಪ್ರೊಫೆಸರಿಗೆ ಅವನ ಮೇಲೆ ಗೌರವ ಹೆಚ್ಚಾಗುತ್ತಿತ್ತು.

ಮೊಟ್ಟೆ ಮೇಡಂ ಮಾತ್ರ ತಲೆ ಎತ್ತಿ ಅವನನ್ನೇ ದಿಟ್ಟಿಸುತ್ತಿದ್ದಳು. "ನಿನ್ನೆ ಆ ಕರವಸ್ತ್ರ..." ಎಂದಳು. ಆಮೇಲೆ ಪ್ರೊಫೆಸರ ಕಡೆ ತಿರುಗಿದಳು. "ಸಾರ್, ಮರಿಗಳ ಬಾಲದ ತುದಿಯಿಂದ ಜೀನು ನೋಡಬಹುದಲ್ವಾ? ಈ ತಾಯಂದಿರಲ್ಲಿ ಎರಡು ಪ್ರತೀನೂ ಮುರಿದಿವೆ. ನಿಜವಾಗಿ ಇವರೇ ಹೆತ್ತಿದ್ರೆ ಪ್ರತಿ ಮರಿಗೂ ಅಮ್ಮನ ಕಡೆಯಿಂದ ಒಂದು ಮುರಿದ ಪ್ರತಿ ಬಂದಿರಲೇಬೇಕು. ಎರಡೂ ಚೆನ್ನಾಗಿದ್ರೆ ಅದು ಇವರ ಮಗು ಅಲ್ಲ. ತಾಯಂದಿರದ್ದೂ ನೋಡೋಣ, ನಾನು ಬೆರೆಸಿದ್ದೀನಾ ಇಲ್ವಾ ಅನ್ನೋದೂ ತಿಳಿಯುತ್ತೆ."

ಪ್ರೊಫೆಸರು ಒಪ್ಪಿದರು, ಅದೂ ಇಲಿಮಾವನ ನಿರಪರಾಧಿತ್ವ ಸಾಬೀತಾಗಲಿ ಎಂಬ ಸದುದ್ದೇಶದಿಂದ.

ಆ ದಿನ ಮೊಟ್ಟೆ ಮೇಡಂಗೆ ಬಾಲದ ತುದಿ ತೆಗೆಯಲು ಮರಿಗಳನ್ನು ಒಂದೊಂದಾಗಿ ಹಿಡಿದುಕೊಟ್ಟದ್ದು ಅವನೇ. ಅವಳು ಸಣ್ಣ ಸಣ್ಣ ಕೊಳವೆಗಳಿಗೆ ನಂಬರು ಬರೆಯುತ್ತಿದ್ದಳು, ಕಣ್ಣೆತ್ತಿ ನೋಡಲಿಲ್ಲ. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ಕೆಲಸ ಮುಗಿದ ಮೇಲೆ ಮರಿಗಳನ್ನೆಲ್ಲ ಅವರವರ ಹಾಲಿನ ತಾಯಂದಿರಿಗೆ ಒಪ್ಪಿಸಬೇಕೆಂದು ಹೊರಟವನನ್ನು "ಎಲ್ಲಿಟ್ಟಿದ್ದೀರೋ ಅಲ್ಲೇ ಇರಲಿ, ಹಾಲಿಗೆ ಮಾತ್ರ ಒಯ್ಯಿರಿ, ನನ್ನೆದುರಿಗೇ" ಎಂದಳು. ಅವನು ಕರವಸ್ತ್ರವಿಲ್ಲದೆ ಬರಿಗೈಯಲ್ಲಿ, ಎಲ್ಲರೂ ನೋಡುವಂತೆ ಮರಿಗಳನ್ನು ಹೊತ್ತ.

ಶುಕ್ರವಾರ ಬೆಳಿಗ್ಗೆ ಕತ್ತಲೆ ಕೋಣೆಯಲ್ಲಿ, ನೇರಳೆ ಬೆಳಕಿನ ಪೆಟ್ಟಿಗೆಯ ಮೇಲೆ, ಜೀನಿನ ಪ್ರತಿಗಳನ್ನು ಗೆರೆಗಳಾಗಿ ತೋರಿಸುವ ಜೆಲ್ಲಿಯ ಹಾಳೆ ಇಟ್ಟರು. ಮೊದಲು ತಾಯಂದಿರು: ಆರಕ್ಕೆ ಆರೂ ಮುರಿದ ಜೀನಿನವರೇ. ಹುಡುಗಿ ಯಾರನ್ನೂ ಬೆರೆಸಿರಲಿಲ್ಲ. ಆಮೇಲೆ ಮರಿಗಳು. ಒಂದೊಂದು ಮರಿಗೆ ಒಂದೊಂದು ಸಾಲು, ಒಂದೊಂದು ಸಾಲಿನಲ್ಲಿ ಒಂದೇ ಗೆರೆ. ಮೇಲಿನ ಆ ಒಂದೇ ಗೆರೆ ಎಂದರೆ ಎರಡೂ ಪ್ರತಿ ಸರಿಯಿದೆ, ಇಲ್ಲಿಯ ಮಗುವಲ್ಲ.

"ನಂದೇ ತಪ್ಪು, ನೋಡಿ ಸಾರ್!" ಎಂದು ಇಲಿಮಾವ ಹಿಗ್ಗಿದ. ಪರೀಕ್ಷೆಯಲ್ಲಿ ಪಾಸಾದವನ ಮುಖ ಅದು. ಪ್ರೊಫೆಸರ ಕನ್ನಡಕ ಮೆಲ್ಲಗೆ ಹಣೆಗೆ ಏರುತ್ತಿತ್ತು.

"ಇದರಲ್ಲಿ ಎರಡು ಗೆರೆ ಇದೆ" ಎಂದಳು ಮೊಟ್ಟೆ ಮೇಡಂ.

ಮೂವರೂ ಬಾಗಿ ನೋಡಿದರು. ಒಂದು ಸಾಲಿನಲ್ಲಿ, ಸರಿಯಾದ ಗೆರೆಯ ಕೆಳಗೆ ಇನ್ನೊಂದು ಗೆರೆ. ಒಂದು ಪ್ರತಿ ಅಪ್ಪನದು, ಸರಿಯಾದದ್ದು. ಇನ್ನೊಂದು ಮುರಿದದ್ದು.

"ಅದೂ ನಂದೇ ಮೇಡಂ" ಎಂದ ಇಲಿಮಾವ ಅವಸರದಿಂದ. ಒಂದು ಮರಿ ತಪ್ಪಿಸಿಕೊಂಡರೂ ತಾನು ಸುಳ್ಳುಗಾರನಾಗಿ, ತಪ್ಪು ಮತ್ತೆ ಹುಡುಗಿಯ ತಲೆಗೆ ಬಂದೀತೆಂಬ ಭಯ ಅವನಿಗೆ. "ಎಲ್ಲ ನಾನಿಟ್ಟದ್ದೇ. ಒಂದೂ ಬಿಟ್ಟಿಲ್ಲ."

"ಎಷ್ಟು ಇಟ್ರಿ ಮಾವ?"

"ಆರೈದಲಿ ಮೂವತ್ತು."

"ಇಲ್ಲಿ ಮೂವತ್ತೊಂದು ಸಾಲಿದೆ."

"ಹಾಗಾದ್ರೆ ಮೂವತ್ತೊಂದು ಇಟ್ಟಿರ್ತೀನಿ. ಎಣಿಸೋದ್ರಲ್ಲಿ ತಪ್ಪಿದೆ. ವಯಸ್ಸಾಯ್ತು."

ಎಣಿಕೆಯಲ್ಲಿ ತಪ್ಪಿದೆ ಎಂದು ಇಲಿಮಾವ ಒಪ್ಪಿಕೊಂಡದ್ದು ಇಪ್ಪತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು. ಆದರೆ ಅವಳು ಅವನನ್ನು ಬಿಡಲಿಲ್ಲ. ಕೊಳವೆಯ ನಂಬರು ನೋಡಿ, "ನಾಲ್ಕನೇ ಪಂಜರ" ಎಂದಳು.

ನಾಲ್ಕನೇ ಪಂಜರ ಎನ್ನುತ್ತಲೇ ಅವನಿಗೆ ನೆನಪಾಯಿತು. ಬುಧವಾರ ಮಧ್ಯಾಹ್ನ ಆ ಗೂಡಿನಿಂದ ತೆಗೆದಾಗ ಆರು ಬಂದಿದ್ದವು. ಅವಸರದಲ್ಲಿ ಆರು ಇಟ್ಟಿರಬೇಕು ಎಂದುಕೊಂಡಿದ್ದ. ಉಳಿದ ಐವರು ಮರಿ ಕೊಟ್ಟಾಗ ನೆಕ್ಕಿದರು, ಒಯ್ದಾಗ ಮೂತಿ ತಿರುಗಿಸಿ ಕೂತರು. ನಾಲ್ಕನೆಯವಳು ಮಾತ್ರ ಹಲ್ಲು ಇಳಿಸಿ ಬೆರಳು ಕಚ್ಚಿದ್ದಳು. "ಕೊಟ್ಟವನನ್ನೇ ಕಚ್ತೀಯಾ, ಕೃತಘ್ನ ಮುಂಡೇದೆ" ಎಂದು ಬೈದು, ಬೆರಳಿಗೆ ಪಟ್ಟಿ ಸುತ್ತಿಕೊಂಡು ಮರಿಗಳನ್ನು ಒಯ್ದಿದ್ದ. ದಿನಕ್ಕೆ ನಾಲ್ಕು ಸಲ ಒಯ್ದಿದ್ದ, ನಾಲ್ಕು ಸಲವೂ ಬೈದಿದ್ದ.

ಅವನು ಅದನ್ನೆಲ್ಲ ಹೇಳಿದ, ಬಹಳ ಸಣ್ಣ ದನಿಯಲ್ಲಿ. "ಬಸುರಿ ಅಂತ ನನಗೇ ಗೊತ್ತಾಗಲಿಲ್ಲಮ್ಮ. ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೀನಿ, ಗೊತ್ತಾಗಲಿಲ್ಲ."

"ಒಂದೇ ಮರಿ ಮಾವ. ಹೊಟ್ಟೆ ಕಾಣಲ್ಲ." ಅವಳು ಕೊಳವೆಯನ್ನು ಬೆಳಕಿಗೆ ಹಿಡಿದಳು. "ಅವಳೇ ಹೆತ್ತಿದ್ದಳು. ನೀವು ಬೆಳಿಗ್ಗೆ ಬರೋದಕ್ಕೆ ಮುಂಚೆ."

ಪ್ರೊಫೆಸರು ಹೋಗಿ ಲಕೋಟೆ ತಂದು ಹರಿದರು. ನಾಲ್ಕನೇ ಪಂಜರ: ಔಷಧ.

ಕೋಣೆಯಲ್ಲಿ ಯಾರೂ ಕುಣಿಯಲಿಲ್ಲ. ಪ್ರೊಫೆಸರು ಕುರ್ಚಿಯಲ್ಲಿ ಕೂತು ಹಣೆ ಒತ್ತಿಕೊಂಡರು. "ಒಂದು ಮರಿಯಿಂದ ಏನೂ ಸಾಬೀತಾಗಲ್ಲ. ಇಂಥ ಇಲಿಗಳು ಅಪರೂಪಕ್ಕೆ ತಾವಾಗೇ ಹೆರೋದೂ ಉಂಟು. ಅದೂ ಅಲ್ಲದೆ ಆ ಪಂಜರಕ್ಕೆ ಹೊರಗಿನ ಕೈ ಬಿದ್ದಿದೆ, ಲೆಕ್ಕಕ್ಕೆ ಬರಲ್ಲ." ಅವರು ಇಲಿಮಾವನ ಕಡೆ ನೋಡಲಿಲ್ಲ. "ನೀವು ಸುಮ್ಮನೆ ಇದ್ದಿದ್ರೆ ಬುಧವಾರ ಬೆಳಿಗ್ಗೆ ಐದು ಪಂಜರ ಖಾಲಿ ಇರ್ತಿತ್ತು. ಒಂದರಲ್ಲಿ ಒಂದು ಮರಿ ಇರ್ತಿತ್ತು. ಅದನ್ನ ನಾವೆಲ್ಲ ಕಣ್ಣಾರೆ ನೋಡಿರ್ತಿದ್ವಿ."

ಇಲಿಮಾವ ಬೈಗುಳಕ್ಕೆ, ಕೀಲಿಕೈಗೆ, ಕೆಲಸ ಹೋಗುವುದಕ್ಕೂ ತಯಾರಾಗಿ ಬಂದಿದ್ದ. ಇದಕ್ಕೆ ತಯಾರಾಗಿರಲಿಲ್ಲ. ಐದು ವರ್ಷ ಆ ಹುಡುಗಿ ಕಾದದ್ದು ಆ ಒಂದೇ ಒಂದು ಮರಿಗೆ, ಅದು ಬಂದೂ ಬಂದಿತ್ತು. ಇವನು ಪರರ ಮಕ್ಕಳನ್ನು ಅದರ ಮೇಲೆ ಸುರಿದು ಮುಚ್ಚಿಬಿಟ್ಟಿದ್ದ.

ಸಮಿತಿ ಮೂರಕ್ಕೆ ಕೂತು ನಾಲ್ಕೂವರೆಗೆ ಎದ್ದಿತು. ಹುಡುಗಿಯ ತಪ್ಪು ಏನೂ ಇಲ್ಲ, ತನ್ನ ಪ್ರಯೋಗ ಕೆಟ್ಟದ್ದನ್ನು ತಾನೇ ಪತ್ತೆ ಹಚ್ಚಿದ್ದಾಳೆ, ಮತ್ತೆ ಮಾಡಲು ಎಂಟು ತಿಂಗಳು ಕೊಡಬೇಕು ಎಂದು ಬರೆಯಿತು. ಇಲಿಮಾವನ ಕೀಲಿಕೈ ತೆಗೆದುಕೊಂಡು ಅಷ್ಟೂ ತಿಂಗಳು ಪಂಜರ ತೊಳೆಯುವ ಕೋಣೆಗೆ ಹಾಕಿತು. ಅವನು ಕೀಲಿಕೈ ಮೇಜಿನ ಮೇಲಿಟ್ಟ.

ಮೊಟ್ಟೆ ಮೇಡಂ ಅವನನ್ನು ಹುಡುಕಿಕೊಂಡು ತೊಳೆಯುವ ಕೋಣೆಗೆ ಬಂದಳು. ಬಗಲಲ್ಲಿ ದಪ್ಪ ರಟ್ಟಿನ ದಾಖಲೆ ಪುಸ್ತಕ. ಅವನು ಮೊಣಕೈವರೆಗೆ ನೊರೆ ಮಾಡಿಕೊಂಡು ಪಂಜರ ಉಜ್ಜುತ್ತಿದ್ದ, ಅವಳನ್ನು ನೋಡಿ ಕೈ ಒರೆಸಿಕೊಂಡ.

"ಅಮ್ಮಾ, ನಿನ್ನ ಮುಖ ನೋಡೋಕೆ ನನಗೆ..." ಎಂದು ಶುರು ಮಾಡಿದ.

"ಸಿಟ್ಟಿದೆ ಮಾವ. ಹೋಗೋಕೆ ಇನ್ನೂ ಸ್ವಲ್ಪ ದಿನ ಬೇಕು" ಎಂದಳು ಅವಳು, ಸ್ಟೂಲು ಎಳೆದು ಕೂತು. "ಆದ್ರೆ ನೀವು ಬಂದು ಹೇಳದಿದ್ರೆ ಇವತ್ತು ನಾನು ಪೆಟ್ಟಿಗೆ ಕಟ್ತಿದ್ದೆ. ಈಗ ಕೂತ್ಕೊಳ್ಳಿ. ಯಾವ ಪಂಜರಕ್ಕೆ ಯಾರ ಮರಿ, ಎಷ್ಟು ಹೊತ್ತಿಗೆ, ಎಲ್ಲ ಹೇಳಿ. ಬರ್ಕೋಬೇಕು. ಕೊನೇಲಿ ನೀವು ಸಹಿ ಹಾಕಬೇಕು."

ಅವನು ಹೇಳಿದ, ಅವಳು ಬರೆದಳು. ಒಂದನೇ ಪಂಜರ, ಎರಡು, ಮೂರು. ನಾಲ್ಕನ್ನು ಬಿಟ್ಟು ಐದು, ಆರು. ಅವನ ನೆನಪು ಕರಾರುವಾಕ್ಕಾಗಿತ್ತು, ಯಾವ ಬಾಣಂತಿಯ ಯಾವ ಮರಿ ಎಂಬುದರವರೆಗೆ. ಇಷ್ಟು ಸ್ವಚ್ಛವಾದ ತಪ್ಪೊಪ್ಪಿಗೆ ಆ ಪುಸ್ತಕದಲ್ಲಿ ಹಿಂದೆಂದೂ ದಾಖಲಾಗಿರಲಿಲ್ಲ. ಕೊನೆಗೆ ಅವಳು ಪೆನ್ನು ಹಿಡಿದು ಅವನ ಮುಖ ನೋಡಿದಳು.

"ನಾಲ್ಕನೇ ಪಂಜರ" ಎಂದ ಇಲಿಮಾವ. "ಐದು ಮರಿ, ನಾನಿಟ್ಟದ್ದು. ಬರೆದ್ಯಾ?"

"ಬರೆದೆ."

"ಒಂದು ಮರಿ, ಅವಳದೇ. ಅದರಲ್ಲಿ ನನ್ನ ಕೈ ಇಲ್ಲ ಅಂತ ಬರಿ."

ಅವಳು ಬರೆದಳು. ಅವನು ಒದ್ದೆ ಬೆರಳನ್ನು ಅಂಗಿಗೆ ಒತ್ತಿ ಒಣಗಿಸಿಕೊಂಡು, ಆ ಸಾಲಿನ ಕೆಳಗೆ ತನ್ನ ಪೂರ್ತಿ ಹೆಸರು ಬರೆದ.